‘ಬೋರ್ಡೇ ಹೋಗಿದೆ’ ಎಂಬ ತೀರ್ಪಿನ ವಿರುದ್ಧ

‘ಬೋರ್ಡೇ ಹೋಗಿದೆ ಸಾರ್. ರಿಪೇರಿ ಆಗಲ್ಲ. ಹೊಸದು ತಗೊಳ್ಳಿ.’

ಈ ಮಾತು ಕೇಳದ ಮನೆ ಈಗ ನಮ್ಮ ಕಡೆ ಇರಲಾರದು. ಟಿವಿ ಕೆಟ್ಟರೂ ಇದೇ ಮಾತು, ಯುಪಿಎಸ್ ಕೆಟ್ಟರೂ ಇದೇ ಮಾತು. ಹೇಳುವವನು ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಬಿಚ್ಚಿರುವುದಿಲ್ಲ. ಕೇಳುವ ನಾವು ‘ಯಾವ ಭಾಗ ಹೋಗಿದೆ, ಅದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿರುವುದಿಲ್ಲ. ವಿಚಾರಣೆಯಿಲ್ಲದೆ ತೀರ್ಪು, ತೀರ್ಪಿನ ಬೆನ್ನಿಗೇ ದಂಡ. ದಂಡ ತೆರುವವರು ಮಾತ್ರ ನಾವು. ಈ ಪದ್ಧತಿಯ ಬಗ್ಗೆ ನಮಗೊಂದು ತಕರಾರಿದೆ. ಅದನ್ನು ಒಂದು ಹಳೆಯ ಗ್ರಾಫಿಕ್ಸ್ ಕಾರ್ಡಿನ ಕಥೆಯಿಂದ ಆರಂಭಿಸುತ್ತೇವೆ. ಕಥೆ ಬರೆಯುವವರಿಗೆ ಕಾರ್ಡಿನ ಉಸಾಬರಿ ಏಕೆ ಎಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿರಲಿ.

ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನ ಲೆಕ್ಕವನ್ನು ಪರದೆಯ ಮೇಲೆ ಕಾಣುವ ಅಕ್ಷರ ಮತ್ತು ಚಿತ್ರಗಳಾಗಿ ಮಾಡಿಕೊಡುವ ಒಂದು ಸಣ್ಣ ಹಲಗೆ. ನಮ್ಮ ಮನೆಯ ಕಾರ್ಡು 2001ರದ್ದು. ಆ ವರ್ಷ ಮಾರುಕಟ್ಟೆಗೆ ಬಂದ ಎನ್‌ವಿಡಿಯಾ ಕಂಪೆನಿಯ ಜೀಫೋರ್ಸ್ 2 ಎಂಎಕ್ಸ್ 400 ಚಿಪ್ಪಿನದು. ಮದರ್‌ಬೋರ್ಡಿನ ಎಜಿಪಿ ಎಂಬ ಗೂಡಿನಲ್ಲಿ ಕೂರುವಂಥದ್ದು. ನಮ್ಮ ತಮ್ಮನಿಗೆ ಆಟದ ಹುಚ್ಚು, ನಮಗೆ ಬರವಣಿಗೆಯ ಹುಚ್ಚು. ಇಬ್ಬರ ದುಡ್ಡೂ ಸೇರಿ ಬೆಂಗಳೂರಿನಲ್ಲಿ ಜೋಡಿಸಿದ ಆ ಕಂಪ್ಯೂಟರು ವನಗೂರಿಗೆ ಬಸ್ಸಿನಲ್ಲಿ, ನಮ್ಮ ತೊಡೆಯ ಮೇಲೆ ಕುಳಿತು ಬಂತು. ವಿಂಡೋಸ್ 98, ಕನ್ನಡಕ್ಕೆ ಬರಹ, ಉರ್ದುವಿಗೆ ಇನ್‌ಪೇಜ್. ನಮ್ಮ ಮೊದಲ ಕಥೆಗಳು ಕಂಡದ್ದು ಆ ಕಾರ್ಡು ಮೂಡಿಸಿದ ಪರದೆಯ ಮೇಲೆ. ಆಮೇಲೆ ಲ್ಯಾಪ್‌ಟಾಪ್ ಬಂತು, ಹಳೆಯದು ಅಟ್ಟ ಸೇರಿತು.

ವನಗೂರು ಎಂದರೆ ಏನೆಂದು ಬಯಲುಸೀಮೆಯ ಓದುಗರಿಗೆ ಹೇಳಬೇಕು. ಸಕಲೇಶಪುರದಿಂದ ಹೆತ್ತೂರು ಮಾರ್ಗವಾಗಿ ಬರಬೇಕಾದ ಊರು. ಬಿಸಿಲೆಯ ಕಾಡು ಹತ್ತಿರ, ಪೇಟೆ ದೂರ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವ ಭರವಸೆಯಿಲ್ಲ. ಮರ ಬಿದ್ದು ತಂತಿ ಹರಿದರೆ ಕರೆಂಟು ದಿನಗಟ್ಟಲೆ ಇಲ್ಲ, ಬಂದಾಗ ಒಮ್ಮೆ ಮಂಕು, ಒಮ್ಮೆ ಅತಿ. ಬೀರುವಿನೊಳಗಿನ ಚಪ್ಪಲಿಗೇ ಬೂಸ್ಟು ಹಿಡಿಯುವ ಈ ಹವೆಯಲ್ಲಿ ಅಟ್ಟದ ಮೇಲಿನ ಕಂಪ್ಯೂಟರಿನ ಗತಿಯೇನಾಗಬೇಕು?

ಕಳೆದ ರಜೆಯಲ್ಲಿ ನಮ್ಮ ಆಪಾಳ ಮಗ ಅದನ್ನು ಅಟ್ಟದಿಂದ ಇಳಿಸಿದ. ಪಿಯುಸಿ ಮುಗಿಸಿದ ಹುಡುಗ. ಧೂಳು ಒರೆಸಿ ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್ ಕೇಳಿಸಿತು. ಅವನು ಅದನ್ನು ಹೊತ್ತು ಜಿಲ್ಲಾ ಕೇಂದ್ರದ ಒಂದು ಅಂಗಡಿಗೆ ಹೋದ. ಕೌಂಟರಿನವನು ಕಾರ್ಡನ್ನು ಹೊರಗೆಳೆದು ನೋಡಿ ನಕ್ಕನಂತೆ. ‘ಇದನ್ನ ಮ್ಯೂಸಿಯಮ್‌ಗೆ ಕೊಡಪ್ಪ. ಬೋರ್ಡೇ ಹೋಗಿದೆ.’ ಪರೀಕ್ಷೆಗೆ ತೆಗೆದುಕೊಂಡ ಸಮಯ ಅಷ್ಟೇ, ನಗುವಷ್ಟು. ಹುಡುಗ ಸಂಜೆ ಬಸ್ಸಿಗೆ ವಾಪಸು ಬಂದ. ‘ಮಾಮು, ಅವ್ರು ಮುಟ್ಟೇ ಇಲ್ಲ, ಹೋಗಿದೆ ಅಂತ ಹೆಂಗ್ ಹೇಳಿದ್ರು?’ ಎಂದು ಕೇಳಿದ. ಈ ಲೇಖನಕ್ಕೆ ಕಾರಣವಾದದ್ದು ಆ ಪ್ರಶ್ನೆಯೇ.

ಸಕಲೇಶಪುರದಲ್ಲಿ ನಮ್ಮ ಅಬ್ಬಾರ ಕಾಲದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರಿದ್ದಾರೆ. ಈಗ ಅಂಗಡಿಯಿಲ್ಲ, ಮನೆಯ ಜಗಲಿಯಲ್ಲೇ ಮೇಜು. ಎಲ್ಲರಿಗೂ ಅವರು ಚಾಚಾ. ಅವರ ಬಳಿ ಹೋದೆವು. ಅವರು ಕಾರ್ಡನ್ನು ತಕ್ಷಣ ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಹುಡುಗನನ್ನು ಕೂರಿಸಿ ಕೇಳಿದರು: ‘ಕೊನೇಲಿ ಯಾವಾಗ ನಡೀತಿತ್ತು ಬೇಟಾ? ನಡೆಯುವಾಗ್ಲೇ ನಿಂತಿತಾ, ಇಟ್ಟಿದ್ದು ನಿಂತಿತಾ? ಬೀಪ್ ಎಷ್ಟು ಸಲ ಹೊಡೀತು?’ ಹುಡುಗ ಬೀಪಿನ ಲೆಕ್ಕ ಹೇಳಿದ. ಚಾಚಾ ತಲೆಯಾಡಿಸಿದರು. ಅವಾರ್ಡ್ ಎಂಬ ಬಯೋಸ್ ಇರುವ ಮದರ್‌ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪಿನ ಅರ್ಥ ಒಂದೇ: ಚಿತ್ರದ ಕಾರ್ಡು ಸಿಗುತ್ತಿಲ್ಲ. ಕಂಪ್ಯೂಟರು ತನ್ನ ನೋವು ಎಲ್ಲಿದೆಯೆಂದು ತಾನೇ ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಕೌಂಟರಿನಲ್ಲಿ ಇರಲಿಲ್ಲ.

ಚಾಚಾರ ಎರಡನೆಯ ಹೆಜ್ಜೆ: ತಪ್ಪು ಕಾರ್ಡಿನದೋ ಬೇರೆಯದೋ? ಡ್ರಾಯರಿನಿಂದ ಎಸ್3 ಟ್ರಯೋ ಎಂಬ ಇನ್ನೂ ಹಳೆಯ ಪಿಸಿಐ ಕಾರ್ಡೊಂದನ್ನು ತೆಗೆದು ಬೇರೆ ಗೂಡಿನಲ್ಲಿ ಕೂರಿಸಿದರು. ಪರದೆ ಬೆಳಗಿತು. ಅಂದರೆ ಮಾನಿಟರು ಸರಿ, ಮೆಮೊರಿ ಸರಿ, ಮದರ್‌ಬೋರ್ಡೂ ಬಹುತೇಕ ಸರಿ. ಸಂಶಯ ಈಗ ನಮ್ಮ ಕಾರ್ಡು ಮತ್ತು ಅದು ಕೂರುವ ಗೂಡಿಗೆ ಸೀಮಿತವಾಯಿತು. ಒಳ್ಳೆಯ ವೈದ್ಯ ಹೊಟ್ಟೆನೋವೆಂದು ಬಂದವನ ಹೊಟ್ಟೆಯನ್ನು ಮೊದಲು ಕೈಯಿಂದ ಒತ್ತಿ ನೋಡುತ್ತಾನೆ, ಕತ್ತಿ ಹಿಡಿಯುವುದಿಲ್ಲ. ಇದೂ ಹಾಗೆಯೇ.

ಮೂರನೆಯದು ಕಣ್ಣು. ಗಡಿಯಾರದವರು ಬಳಸುವ ಭೂತಗನ್ನಡಿ ಹುಡುಗನ ಕೈಗೆ ಕೊಟ್ಟು ‘ಏನ್ ಕಾಣ್ಸುತ್ತೆ ಹೇಳು’ ಎಂದರು. ಅವನು ಹೇಳಿದ: ಗೂಡಿನೊಳಗೆ ಹೋಗುವ ಚಿನ್ನದ ಬಣ್ಣದ ಪಟ್ಟಿಗಳು ಮಬ್ಬಾಗಿವೆ. ಚಿಪ್ಪಿನ ಮೇಲಿನ ಪುಟ್ಟ ಫ್ಯಾನು ಬೆರಳಿಂದ ತಳ್ಳಿದರೂ ತಿರುಗುತ್ತಿಲ್ಲ. ಎರಡು ಕೆಪಾಸಿಟರುಗಳ ತಲೆ ಉಬ್ಬಿದೆ. ನಾಲ್ಕನೆಯದು ಮೀಟರು. ವಿದ್ಯುತ್ ಬರುವ ಬಿಂದುಗಳಿಗೂ ನೆಲಕ್ಕೂ ನೇರ ಸಂಪರ್ಕ, ಅಂದರೆ ಶಾರ್ಟ್, ಆಗಿದೆಯೇ ಎಂದು ನೋಡಿದ ಮೇಲೆಯೇ ಕಾರ್ಡಿಗೆ ಕರೆಂಟು ಕೊಡಬೇಕು. ಶಾರ್ಟ್ ಇದ್ದೂ ಕರೆಂಟು ಕೊಟ್ಟರೆ ಇದ್ದದ್ದೂ ಹೋಗುತ್ತದೆ. ನಮ್ಮದರಲ್ಲಿ ಶಾರ್ಟ್ ಇರಲಿಲ್ಲ.

ಆಮೇಲೆ ಅವರು ಎತ್ತಿಕೊಂಡ ಉಪಕರಣ ಶಾಲೆಯ ಮಕ್ಕಳು ಬಳಸುವ ರಬ್ಬರು. ಪಟ್ಟಿಗಳನ್ನು ಅದರಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಗೂಡಿನಲ್ಲಿ ಕೂರಿಸಿದರು. ಬೀಪು ಒಂದೇ ಬಂತು. ಪರದೆ ಬೆಳಗಿತು! ಅಂಗಡಿಯವನ ‘ಬೋರ್ಡೇ ಹೋಗಿದೆ’ ಎಂಬ ತೀರ್ಪು ಮಲೆನಾಡಿನ ತೇವ ಹಚ್ಚಿದ ಮಬ್ಬಿನ ಒಂದು ಪೊರೆಯಷ್ಟಾಗಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಳಿಯಿರಬೇಕಾದ ಅಕ್ಷರಗಳು ಹಸಿರು ಬೆರೆತ ನೀಲಿಯಾಗಿದ್ದವು. ಕೆಂಪು ಬಣ್ಣವೇ ಬರುತ್ತಿಲ್ಲ ಎಂದರ್ಥ. ಮಾನಿಟರಿನ ತಂತಿ ಸರಿಯಿದೆಯೆಂದು ಎಸ್3 ಕಾರ್ಡಿನಲ್ಲೇ ನೋಡಿದ್ದೆವಲ್ಲ? ಹಾಗಾದರೆ ತಪ್ಪು ಕಾರ್ಡಿನ ಕಡೆಯದು. ಐಬಿಎಂ 1987ರಲ್ಲಿ ತಂದ ವಿಜಿಎ ಕನೆಕ್ಟರಿನಲ್ಲಿ ಹದಿನೈದು ರಂಧ್ರಗಳಿವೆ. ಮೊದಲ ಮೂರು ಕೆಂಪು, ಹಸಿರು, ನೀಲಿ. ಕಾರ್ಡನ್ನು ಹೊರತೆಗೆದು ಅಳೆದಾಗ ಇವು ಮೂರಕ್ಕೂ ನೆಲಕ್ಕೂ ನಡುವೆ ಸಾಮಾನ್ಯವಾಗಿ ಸುಮಾರು 75 ಓಮ್ ತೋರಿಸಬೇಕು. ಹಸಿರು, ನೀಲಿ ತೋರಿಸಿದವು. ಕೆಂಪು ಏನೂ ತೋರಿಸಲಿಲ್ಲ. ಕನೆಕ್ಟರಿನ ಹಿಂದೆ, ಹಲಗೆಯ ಮೇಲಿನ ರೆಸಿಸ್ಟರಿನಲ್ಲಿ ಮಾತ್ರ 75 ಸರಿಯಾಗಿತ್ತು. ಎರಡರ ನಡುವೆ ಎಲ್ಲೋ ಕಡಿದಿದೆ. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ವರ್ಷಗಟ್ಟಲೆ ಸ್ಕ್ರೂ ಬಿಗಿಯದೆ ಜೋತುಬಿಟ್ಟ ಮಾನಿಟರ್ ತಂತಿಯ ಭಾರಕ್ಕೆ ಬೆಸುಗೆ ಒಡೆದಿತ್ತು. ತಪ್ಪು ಕಂಪೆನಿಯದಲ್ಲ, ನಮ್ಮದೇ. ಒಂದು ಹನಿ ಸೋಲ್ಡರಿನಲ್ಲಿ ಕೆಂಪು ಮರಳಿತು.

ಹತ್ತು ನಿಮಿಷ ಓಡಿದ ಮೇಲೆ ಪರದೆಯಲ್ಲಿ ಗೆರೆಗಳು ಎದ್ದವು, ಚುಕ್ಕಿಗಳು ಚೆಲ್ಲಿದವು, ಯಂತ್ರ ಹೆಪ್ಪುಗಟ್ಟಿ ನಿಂತಿತು. ಮತ್ತೆ ಹಚ್ಚಿದಾಗ ವಿಂಡೋಸ್ ಬರುವ ಮೊದಲೇ, ಬಯೋಸ್ ಪರದೆಯಲ್ಲೇ ಗೆರೆಗಳಿದ್ದವು. ಆದ್ದರಿಂದ ಇದು ತಂತ್ರಾಂಶದ ತಪ್ಪಲ್ಲ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೆಡುತ್ತದೆ. ಅಂದರೆ ಜಾಮಾದ ಫ್ಯಾನು ಮತ್ತು ಉಬ್ಬಿದ ಕೆಪಾಸಿಟರುಗಳ ಮೇಲೆ ಸಂಶಯ. ಕೆಪಾಸಿಟರಿನ ಕೆಲಸ ನಮ್ಮ ಮನೆಗಳ ನೀರಿನ ತೊಟ್ಟಿಯ ಕೆಲಸದಂಥದ್ದು. ಬರುವ ವಿದ್ಯುತ್ತು ಏರಿಳಿದರೂ ಚಿಪ್ಪಿಗೆ ಹೋಗುವುದು ಒಂದೇ ಸಮನಾಗಿರಬೇಕು. ಒಳಗಿನ ದ್ರಾವಣ ಕೆಟ್ಟು ಅನಿಲವಾದಾಗ ತಲೆ ಉಬ್ಬುತ್ತದೆ, ತೊಟ್ಟಿ ತೂತಾಗುತ್ತದೆ, ಚಿಪ್ಪಿಗೆ ನಡುಗುವ ವಿದ್ಯುತ್ತು ತಲುಪುತ್ತದೆ. ಚಾಚಾ ಎರಡನ್ನೂ ತೆಗೆದು ಅದೇ 1000 ಮೈಕ್ರೋಫ್ಯಾರಡ್‌ನ, 105 ಡಿಗ್ರಿ ಶಾಖ ತಾಳುವ ಹೊಸವನ್ನು ಹಾಕಿದರು. ಧನ ಋಣ ತಿರುವುಮುರುವಾಗದಂತೆ ಹುಡುಗನಿಂದಲೇ ಎರಡು ಸಲ ನೋಡಿಸಿದರು. ಫ್ಯಾನನ್ನು ಬಿಚ್ಚಿ, ಒಣಗಿ ಅಂಟಾಗಿದ್ದ ಗ್ರೀಸ್ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರು. ರಾತ್ರಿಯೆಲ್ಲ ಕಾರ್ಡು ಓಡಿತು. ಬೆಳಿಗ್ಗೆ ಫಜರ್ ನಮಾಜಿಗೆ ಎದ್ದವರು ನೋಡಿದಾಗ ಪರದೆ ಸ್ವಚ್ಛವಾಗಿತ್ತು. ಎರಡು ಕೆಪಾಸಿಟರಿಗೆ ಚಾಚಾ ಪಡೆದ ದುಡ್ಡು ಎರಡು ಚಹಾದ ಬೆಲೆಗಿಂತ ಕಡಿಮೆ. ಕೆಲಸದ ಕೂಲಿ ನಾವು ಒತ್ತಾಯದಿಂದ ಕೊಡಬೇಕಾಯಿತು.

ಈಗ ತಕರಾರಿಗೆ ಬರೋಣ.

ಮೊದಲ ಆಕ್ಷೇಪ ನಮ್ಮ ಗೆಳೆಯರದ್ದೇ. ‘ಈ ಕಾರ್ಡಿನಿಂದ ಏನು ಪ್ರಯೋಜನ? ನಿಮ್ಮ ಜೇಬಿನ ಮೊಬೈಲು ಇದಕ್ಕಿಂತ ಎಷ್ಟೋ ಪಾಲು ಶಕ್ತಿಯುಳ್ಳದ್ದು. ಹಳೆಯ ಕಥೆ ಬೇಕಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಓದಬಹುದಿತ್ತು.’ ಒಪ್ಪಿದೆವು. ನಮ್ಮ ಕಥೆಗಳನ್ನು ನಾವು ಎಂದೋ ಹಾಗೆಯೇ ಹೊರತೆಗೆದುಕೊಂಡಿದ್ದೇವೆ. ಎಲ್ಲ ಹಳೆಯದನ್ನೂ ಉಳಿಸಿಕೊಳ್ಳಬೇಕು ಎಂಬುದು ನಮ್ಮ ವಾದವೂ ಅಲ್ಲ. ನಮ್ಮ ಮಾತಿರುವುದು ಕಾರ್ಡಿನ ಬಗ್ಗೆಯಲ್ಲ, ಆ ಜಗಲಿಯ ಮೇಲೆ ನಡೆದ ವಿಚಾರಣೆಯ ಬಗ್ಗೆ. ಅಂಥದೇ ಕೆಪಾಸಿಟರು ನಿಮ್ಮ ಟಿವಿಯಲ್ಲಿದೆ, ಯುಪಿಎಸ್‌ನಲ್ಲಿದೆ, ಸೆಟ್‌ಟಾಪ್ ಪೆಟ್ಟಿಗೆಯಲ್ಲಿದೆ, ಎಷ್ಟೋ ಎಲ್ಇಡಿ ಬಲ್ಬಿನೊಳಗೂ ಇದೆ. ಅಂಥದೇ ಬೆಸುಗೆ ತೋಟದ ಪಂಪಿನ ಎಲೆಕ್ಟ್ರಾನಿಕ್ ಸ್ಟಾರ್ಟರಿನಲ್ಲಿದೆ. ಅಂಥದೇ ತೇವ ಎಲ್ಲವನ್ನೂ ತಿನ್ನುತ್ತಿದೆ. ಒಂದು ನಿರುಪಯುಕ್ತ ಕಾರ್ಡಿನ ಮೇಲೆ ಕಲಿತ ಹುಡುಗ ನೂರು ಉಪಯುಕ್ತ ವಸ್ತುಗಳನ್ನು ಬದುಕಿಸಬಲ್ಲ. ಅಂಗಡಿ ಪಕ್ಕದಲ್ಲೇ ಇರುವ ಊರಿನವರಿಗೆ ಇದು ಹವ್ಯಾಸವಿರಬಹುದು. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕಾದ ಊರಿನವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಅಂಗಡಿಯ ಹುಡುಗನನ್ನು ಖಳನಾಯಕ ಮಾಡುವ ಇರಾದೆಯೂ ನಮಗಿಲ್ಲ. ಮೀಟರು ಹಿಡಿದು ಎರಡು ಗಂಟೆ ಕಳೆದರೆ ಅವನಿಗೆ ಸಿಗುವುದೇನು? ಹೊಸದನ್ನು ಮಾರಿದರೆ ಲಾಭ, ಹಳೆಯದನ್ನು ಬದುಕಿಸಿದರೆ ಗಿರಾಕಿಯ ಚೌಕಾಶಿ. ರಬ್ಬರಿನಿಂದ ಉಜ್ಜಿ ಸರಿಮಾಡಿ ಇನ್ನೂರು ರೂಪಾಯಿ ಕೇಳಿದರೆ ನಾವೇ ‘ಉಜ್ಜಿದ್ದಕ್ಕೆ ಇಷ್ಟಾ?’ ಎನ್ನುತ್ತೇವೆ. ಎಲ್ಲಿ ಉಜ್ಜಬೇಕೆಂದು ತಿಳಿಯಲು ಚಾಚಾಗೆ ನಲವತ್ತು ವರ್ಷ ಬೇಕಾಯಿತು ಎಂಬುದು ನಮಗೆ ಹೊಳೆಯುವುದಿಲ್ಲ. ವೈದ್ಯರಿಗೆ ನೋಡಿದ್ದಕ್ಕೇ ಫೀಸು ಕೊಡುತ್ತೇವೆ, ವಕೀಲರಿಗೆ ಕೇಳಿದ್ದಕ್ಕೇ ಫೀಸು ಕೊಡುತ್ತೇವೆ. ಮಿಸ್ತ್ರಿಯ ಪತ್ತೆಗೆ ಮಾತ್ರ ಬೆಲೆಯಿಲ್ಲ. ಹೀಗಿರುವಾಗ ಪತ್ತೆ ಮಾಡುವವರು ಎಲ್ಲಿಂದ ಹುಟ್ಟಬೇಕು?

ಎರಡನೆಯ ಆರೋಪಿ ತಯಾರಕರು. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ತಂದಾಗ ಅದರ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಗಳನ್ನೂ ಬಯೋಸಿನ ಪೂರ್ತಿ ಪಾಠವನ್ನೂ ಮುದ್ರಿಸಿತ್ತು. ಚಾಚಾರ ಯೌವನದ ಎಷ್ಟೋ ರೇಡಿಯೋಗಳ ಹಿಂಬದಿಯ ರಟ್ಟಿನ ಒಳಗೆ ನಕ್ಷೆ ಅಂಟಿಸಿರುತ್ತಿತ್ತು. ಕೆಟ್ಟರೆ ಯಾರಾದರೂ ಸರಿಪಡಿಸಲಿ ಎಂಬ ಸಾಮಾನ್ಯ ಸೌಜನ್ಯ ಅದು. ನಮ್ಮ 2001ರ ಕಾರ್ಡಿನ ನಕ್ಷೆ ಪೇಟೆಯಲ್ಲಿ ಸಿಗುವಂತೆ ಯಾರೂ ಮುದ್ರಿಸಲಿಲ್ಲ. ಇಂದಿನ ಫೋನು, ಲ್ಯಾಪ್‌ಟಾಪ್‌ಗಳಲ್ಲಂತೂ ಬ್ಯಾಟರಿಯನ್ನೇ ಗೋಂದಿನಲ್ಲಿ ಅಂಟಿಸಿಬಿಡುತ್ತಾರೆ. ಹಣ ನಾವು ಕೊಟ್ಟರೂ ಒಳಗೇನಿದೆಯೆಂದು ತಿಳಿಯುವ ಹಕ್ಕು ನಮಗಿಲ್ಲ. ಇದೆಂಥ ಮಾರಾಟ? ಇದನ್ನು ದೀರ್ಘಾವಧಿಯ ಬಾಡಿಗೆ ಎನ್ನಬಾರದೇಕೆ?

ಕೆಡುವುದು ಬರೀ ಬಳಕೆದಾರನ ಅಜಾಗರೂಕತೆಯಿಂದ ಎಂದು ಕಂಪೆನಿಗಳು ಹೇಳುವಂತಿಲ್ಲ. 1990ರ ದಶಕದ ಕೊನೆಯಿಂದ ಮುಂದಿನ ದಶಕದ ನಡುವಿನವರೆಗೆ ತಯಾರಾದ ಲೆಕ್ಕವಿಲ್ಲದಷ್ಟು ಬೋರ್ಡುಗಳಲ್ಲಿ ದೋಷಯುಕ್ತ ದ್ರಾವಣದ ಕೆಪಾಸಿಟರುಗಳು ಸೇರಿಕೊಂಡು ಅಕಾಲದಲ್ಲಿ ಉಬ್ಬಿದವು. ಅದನ್ನು ಜಗತ್ತು ‘ಕೆಪಾಸಿಟರ್ ಪಿಡುಗು’ ಎಂದೇ ಕರೆಯಿತು. 2005ರಲ್ಲಿ ಡೆಲ್ ಕಂಪೆನಿ ಇಂಥ ಕೆಪಾಸಿಟರುಗಳಿಂದ ಕೆಟ್ಟ ಕಂಪ್ಯೂಟರುಗಳ ವೆಚ್ಚಕ್ಕಾಗಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಶ್ರೀಮಂತ ಗಿರಾಕಿಗಳಿಗೆ ಬದಲಿ ಬೋರ್ಡು ಸಿಕ್ಕಿತು. ನಮ್ಮಂಥವರಿಗೆ ಸಿಕ್ಕಿದ್ದು ‘ಬೋರ್ಡೇ ಹೋಗಿದೆ’ ಎಂಬ ಉತ್ತರ.

ಮೂರನೆಯ ಆರೋಪಿಯನ್ನು ಹೆಸರಿಸಲು ಸ್ವಲ್ಪ ಸಂಕೋಚವಾಗುತ್ತದೆ. ಏಕೆಂದರೆ ಅವರು ರಿಪೇರಿಯವರೇ. ಚಿತ್ರ ಬಾರದ ಕಾರ್ಡನ್ನು ಒಲೆಯಲ್ಲಿಟ್ಟು ಬೇಯಿಸುವುದು, ಬಿಸಿಗಾಳಿಯ ಗನ್ನಿನಿಂದ ಚಿಪ್ಪನ್ನು ಕಾಯಿಸುವುದು ಒಂದು ‘ವಿದ್ಯೆ’ಯಾಗಿ ಹಬ್ಬಿದೆ. ಕೆಲವೊಮ್ಮೆ ಕಾರ್ಡು ಎದ್ದು ಕೂರುತ್ತದೆ. ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ಕೆಲವು ವಾರಗಳಲ್ಲಿ ಅದು ಮತ್ತೆ ಮಲಗುತ್ತದೆ. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪೆನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಒಳಜೋಡಣೆಯ ಸಾಮಗ್ರಿ ದುರ್ಬಲವಾಗಿತ್ತೆಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತು. ಅಲ್ಲಿ ಬಿರುಕು ಬಿಡುತ್ತಿದ್ದದ್ದು ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಯ ಗುಬುಟುಗಳು. ಹೊರಗಿನಿಂದ ಕಾಯಿಸಿದರೆ ಅವು ಕೆಲಕಾಲ ಮುಟ್ಟಿಕೊಳ್ಳುತ್ತವೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಅದನ್ನು ರಿಪೇರಿ ಎಂದು ಮಾರುವುದು ಮೋಸ. ಮೇಲಾಗಿ ನಮ್ಮ ಕಾರ್ಡಿನ ಕಾಲದ ಬೆಸುಗೆಯಲ್ಲಿ ಸೀಸವಿದೆ. ಸೀಸದ ನಿರ್ಬಂಧ ಯುರೋಪಿನಲ್ಲಿ ಜಾರಿಗೆ ಬಂದದ್ದು 2006ರ ಜುಲೈ 1ರಿಂದ. ಅಂಥ ಹಲಗೆಯನ್ನು ರೊಟ್ಟಿ ಸುಡುವ ಒಲೆಯಲ್ಲಿ ಇಡುವವನು ಮನೆಮಂದಿಯ ಆರೋಗ್ಯದ ಜೊತೆ ಆಟವಾಡುತ್ತಾನೆ. ಪರೀಕ್ಷಿಸದೆ ಎಸೆಯುವವನಿಗೂ ಪರೀಕ್ಷಿಸದೆ ಕಾಯಿಸುವವನಿಗೂ ನಮಗೆ ವ್ಯತ್ಯಾಸ ಕಾಣುವುದಿಲ್ಲ.

ನಾಲ್ಕನೆಯ ಆರೋಪಿ ನಾವೇ. ಚಾಚಾರ ಜಗಲಿಯಿಂದ ಬಂದ ಹುಡುಗ ಮನೆಯಲ್ಲಿ ಐಟಿಐ ಸೇರುತ್ತೇನೆ, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ತರಬೇತಿ ಪಡೆಯುತ್ತೇನೆ ಎಂದ. ಮನೆಯಲ್ಲಿ ಮರಣದ ಸುದ್ದಿ ಬಂದಂತಾಯಿತು. ‘ಇಷ್ಟು ಓದ್ಸಿ ಮಿಸ್ತ್ರಿ ಆಗೋಕಾ? ಜನ ಏನಂತಾರೆ?’ ಎಂದು ಆಪಾ ಕಣ್ಣೀರಿಟ್ಟಳು. ಮಾತು ಮುಂದುವರಿದು ಹುಡುಗನ ಚಿಕ್ಕಪ್ಪ ಮನಸ್ಸಿನೊಳಗಿದ್ದದ್ದನ್ನು ಹೊರಗೆಡವಿದರು. ‘ಮೊದಲೇ ನಮ್ಮವರನ್ನ ಪಂಕ್ಚರ್ ಹಾಕೋರು ಅಂತ ಆಡಿಕೊಳ್ತಾರೆ. ಇವನೂ ಅದೇ ಸಾಲಿಗಾ?’

ಹೌದು, ಆಡಿಕೊಳ್ಳುತ್ತಾರೆ. ರಾಜಕೀಯ ವೇದಿಕೆಗಳಿಂದಲೂ ಆಡಿಕೊಂಡಿದ್ದಾರೆ. ಆಡಿಕೊಳ್ಳುವವರ ಗಾಡಿಯ ಚಕ್ರ ನಡುದಾರಿಯಲ್ಲಿ ಕೂತಾಗ ಅವರು ಯಾರನ್ನು ಹುಡುಕುತ್ತಾರೆಂಬುದು ಬೇರೆ ಮಾತು. ನಮ್ಮ ಪ್ರಶ್ನೆ ನಮ್ಮವರಿಗೆ. ಆ ಹಂಗಿನ ಮಾತನ್ನು ಹೊರಗಿನವರು ಆಡಿದಾಗ ನಾವು ಸಿಟ್ಟಾಗುತ್ತೇವೆ, ಮನೆಯೊಳಗೆ ಅದನ್ನೇ ನಂಬುತ್ತೇವೆ. 2006ರ ಸಾಚಾರ್ ಸಮಿತಿಯ ವರದಿ ಬಂದಂದಿನಿಂದ ಸ್ವಂತ ಕಸುಬಿನ ಮೇಲೆ ನಿಂತ ಸಮುದಾಯಕ್ಕೆ ಸಾಲ ಮತ್ತು ತರಬೇತಿ ಕೊಡಿ ಎಂದು ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಕೇಳಲೇಬೇಕು. ಆದರೆ ಕಸುಬಿನವನು ಮದುವೆ ಮಾತುಕತೆಗೆ ಬಂದರೆ ನಮ್ಮ ಮುಖ ಯಾಕೆ ಚಿಕ್ಕದಾಗುತ್ತದೆ? ನಮ್ಮ ನೆಂಟರಲ್ಲಿ ಎಂಜಿನಿಯರಿಂಗ್ ಓದಿದವರು ಇಬ್ಬರಿದ್ದಾರೆ. ಇಬ್ಬರೂ ಒಳ್ಳೆಯವರು, ಆದರೆ ಮೀಟರನ್ನು ಓಮ್‌ಗೆ ತಿರುಗಿಸಲು ತಡಕಾಡಿದರು. ನಾಲ್ಕನೆಯ ತರಗತಿ ಉರ್ದು ಓದಿದ ಚಾಚಾ ಒಂದೊಂದೇ ಸಂಶಯವನ್ನು ನಿವಾರಿಸುತ್ತ ತಪ್ಪಿನ ಬಾಗಿಲಿಗೆ ಹೋಗಿ ನಿಂತರು. ವಿಜ್ಞಾನದ ವಿಧಾನವೆಂದು ಪಠ್ಯಪುಸ್ತಕ ಹೇಳುವುದು ಇದನ್ನೇ ಅಲ್ಲವೇ? ಅದು ಕೋಟು ಹಾಕಿದಾಗ ವಿಜ್ಞಾನ, ಜಗಲಿಯಲ್ಲಿ ಕೂತಾಗ ಕೀಳು ಕಸುಬು ಆಗುವುದು ಹೇಗೆ?

ಇನ್ನೊಂದು ಸಂಗತಿ ಕನ್ನಡಿಗರೆಲ್ಲರಿಗೂ ಸೇರಿದ್ದು. ಕನ್ನಡ ಕಂಪ್ಯೂಟರಿಗೆ ಬಂದ ದಾರಿಗಳಲ್ಲೊಂದು ಇಂಥದೇ ಒಂದು ಕಾರ್ಡು. ಕಾನ್ಪುರದ ಐಐಟಿಯಲ್ಲಿ ಬೇರುಬಿಟ್ಟು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನದ ಕಾರ್ಡನ್ನು ಸಾಧಾರಣ ಪಿಸಿಗೆ ಸಿಕ್ಕಿಸಿದರೆ ಡಾಸ್ ಕಾಲದ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಆ ತಂತ್ರಜ್ಞಾನ ಉರ್ದು ಬರೆಯುವ ಅರಬಿ-ಪಾರಸಿ ಲಿಪಿಗೂ ಚಾಚಿತ್ತು. ಕನ್ನಡ ಶಾಲೆ, ಉರ್ದು ಶಾಲೆ ಎರಡರಲ್ಲೂ ಅಕ್ಷರ ತಿದ್ದಿದ ನಮಗೆ ಇದು ಸಣ್ಣ ವಿಷಯವಲ್ಲ. ಆ ಕಾಲದ ಅಕ್ಷರ ಸಂಕೇತ ‘ಇಸ್ಕಿ’ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಬರೆದದ್ದನ್ನು ಇಂದು ಯುನಿಕೋಡಿಗೆ ಪರಿವರ್ತಿಸಬಹುದು. ಆದರೆ ಅದು ಅಂದು ಹೇಗೆ ಕಾಣುತ್ತಿತ್ತು, ನಮ್ಮ ಭಾಷೆ ಈ ಯಂತ್ರದೊಳಗೆ ಮೊದಲು ಹೇಗೆ ಕಾಲಿಟ್ಟಿತು ಎಂದು ನಾಳಿನ ಮಕ್ಕಳಿಗೆ ತೋರಿಸಬೇಕಾದರೆ ನಡೆಯುವ ಕಾರ್ಡು ಬೇಕು, ಕೆಟ್ಟರೆ ಎತ್ತಿ ನಿಲ್ಲಿಸುವ ಕೈ ಬೇಕು. ತಾಳೆಗರಿಗೆ ಎಣ್ಣೆ ಸವರುವವರನ್ನು ಸನ್ಮಾನಿಸುವ ನಾವು ಇಂಥ ಕಾರ್ಡನ್ನು ಗುಜರಿಗೆ ತೂಕಕ್ಕೆ ಹಾಕುತ್ತೇವೆ. ಗುಜರಿಯಿಂದ ಅದು ಎಲ್ಲಿಗೆ ಹೋಗುತ್ತದೆ? ತಾಮ್ರಕ್ಕಾಗಿ ಬಯಲಿನಲ್ಲಿ ತಂತಿ ಸುಡುವ, ಚಿನ್ನದ ಪುಡಿಗಾಗಿ ಆಮ್ಲದಲ್ಲಿ ಬೋರ್ಡು ಅದ್ದುವ ಬಡವರ ಶ್ವಾಸಕೋಶಕ್ಕೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗೊಂದು ಚೌಕಟ್ಟು ರೂಪಿಸಲು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂಬ ವಲಯಗಳನ್ನು ಗುರುತಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಯುರೋಪ್ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕಿನ ಕಾನೂನನ್ನೇ ಅಂಗೀಕರಿಸಿತು. ಪೋರ್ಟಲ್ ಒಳ್ಳೆಯದೇ. ಆದರೆ ಪೋರ್ಟಲಿನಲ್ಲಿ ಕಂಪೆನಿಯ ಸೇವಾ ಕೇಂದ್ರದ ವಿಳಾಸ ಸಿಕ್ಕಿದರೆ ಚಾಚಾಗೆ ಏನು ಸಿಕ್ಕಿತು? ಅವರಿಗೆ ಬೇಕಾದದ್ದು ನಕ್ಷೆ ಮತ್ತು ಬಿಡಿಭಾಗ. ಕಂಪೆನಿಯ ಅಂಗಡಿಗೆ ಕೊಡುವ ನಕ್ಷೆಯನ್ನು ಊರ ಮಿಸ್ತ್ರಿಗೂ ಕೊಡಬೇಕು ಎಂಬ ಒಂದು ಸಾಲು ಕಾನೂನಿನಲ್ಲಿ ಬರುವವರೆಗೆ ಅದು ಗಿರಾಕಿಯ ಅರ್ಧ ಹಕ್ಕು ಮಾತ್ರ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಒಂದು ಮೀಟರು, ಒಂದು ಸೋಲ್ಡರಿಂಗ್ ಐರನ್, ಒಂದು ಭೂತಗನ್ನಡಿ, ಒಂದು ಮೇಜು. ಊರ ಗ್ರಂಥಾಲಯದಲ್ಲೋ, ಮಸೀದಿಯ ಜಮಾಅತ್ ಕೋಣೆಯಲ್ಲೋ, ಶಾಲೆಯ ಖಾಲಿ ಕೊಠಡಿಯಲ್ಲೋ ಭಾನುವಾರ ಇದಿಷ್ಟು ಇಡಬಹುದು. ಬಂದು ಕಲಿಸಿ ಎಂದು ಚಾಚಾರಂಥವರನ್ನು ಗೌರವಧನ ಕೊಟ್ಟು ಕರೆಯಬಹುದು. ಅವರ ಕಣ್ಣಿನ ಪೊರೆ ಬಲಿಯುತ್ತಿದೆ. ಆ ತಲೆಮಾರು ಹೋದ ಮೇಲೆ ಸ್ಮರಣಸಂಚಿಕೆ ತರುವುದಕ್ಕಿಂತ ಈಗ ಒಂದು ಮೇಜು ಹಾಕುವುದು ಅಗ್ಗ.

ಚಾಚಾಗೆ ಒಂದು ಅಭ್ಯಾಸವಿದೆ. ಸರಿಮಾಡಿದ ಪ್ರತಿ ವಸ್ತುವಿನೊಳಗೆ ಒಂದು ಚೀಟಿ ಅಂಟಿಸುತ್ತಾರೆ. ದಿನಾಂಕ, ಏನು ಕೆಟ್ಟಿತ್ತು, ಏನು ಬದಲಿಸಿದೆ. ಮುಂದೆ ಬಿಚ್ಚುವವನಿಗೆ ಅನುಕೂಲವಾಗಲಿ ಎಂದು. ಅವನು ಯಾರೋ, ಯಾವ ಊರಿನವನೋ ಗೊತ್ತಿಲ್ಲ. ನಮ್ಮ ಕಾರ್ಡಿನ ಕಂಪ್ಯೂಟರಿನೊಳಗೂ ಅಂಥ ಚೀಟಿಯಿದೆ. ಈ ಸಲ ಬರೆದವನು ಹುಡುಗ. ಕೆಪಾಸಿಟರಿನ ಅಳತೆಯನ್ನು ಕನ್ನಡದಲ್ಲಿ ಬರೆದು, ಕೆಳಗೆ ಉರ್ದುವಿನಲ್ಲಿ ತನ್ನ ಹೆಸರು ಹಾಕಿದ್ದಾನೆ. ಐಟಿಐ ಅರ್ಜಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆಪಾ ಮಾತು ಬಿಟ್ಟಿದ್ದಾಳೆ, ಆದರೆ ಕೆಟ್ಟುಹೋದ ತನ್ನ ಮಿಕ್ಸಿಯನ್ನು ಮೊನ್ನೆ ಸದ್ದಿಲ್ಲದೆ ಅವನ ಮೇಜಿನ ಮೇಲೆ ಇಟ್ಟುಹೋಗಿದ್ದಾಳೆ.

ಓದುಗರಲ್ಲಿ ನಮ್ಮದು ಒಂದೇ ಕೋರಿಕೆ. ಮುಂದಿನ ಸಲ ಯಾರಾದರೂ ‘ಬೋರ್ಡೇ ಹೋಗಿದೆ’ ಎಂದರೆ ಎರಡು ಪ್ರಶ್ನೆ ಕೇಳಿ: ಯಾವ ಭಾಗ? ಹೇಗೆ ಗೊತ್ತಾಯಿತು? ಉತ್ತರ ಕೊಟ್ಟವರಿಗೆ ಚೌಕಾಶಿ ಮಾಡದೆ ಕೂಲಿ ಕೊಡಿ. ಕೊಡದವರಿಂದ ನಿಮ್ಮ ವಸ್ತುವನ್ನು ವಾಪಸು ತೆಗೆದುಕೊಂಡು ಬನ್ನಿ.